ಮಕ್ಕಳ ಶಾಲೆಗೆ ಕುಟುಂಬಗಳು ದೇಣಿಗೆ ಕೊಡುವುದು ಯಾವ ಕಾರಣಕ್ಕೆ?

ಪ್ರಶ್ನೆ: ಪಾಲಕರ ಸಮಿತಿಯ ಸದಸ್ಯೆ

ಎಲ್ಲರಿಗೂ ನಮಸ್ಕಾರ. ಮಗಳು ಓದುತ್ತಿರುವ ಶಾಲೆಯ ಪಾಲಕರ ಸಮಿತಿಗೆ ಈ ವರ್ಷ ನನ್ನನ್ನು ಆರಿಸಿದ್ದಾರೆ. ಗ್ರಂಥಾಲಯದ ವಿಸ್ತರಣೆಗೆ ದೇಣಿಗೆ ಕೂಡಿಸುವ ಹೊಣೆ ನನ್ನ ಹೆಗಲಿಗೆ ಬಿದ್ದಿದೆ. ಹಿಂದಿನ ವರ್ಷಗಳ ರಸೀದಿ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕುಳಿತಾಗ ನನ್ನ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ಅನುಕೂಲಸ್ಥರೆಂದು ಎಲ್ಲರೂ ಹೇಳುವ ಹಲವು ಮನೆಗಳ ಹೆಸರು ಒಮ್ಮೆಯೂ ಕಾಣಲಿಲ್ಲ; ಶುಲ್ಕದ ಕಂತು ಕಟ್ಟಲು ಕಾಲಾವಕಾಶ ಕೇಳುವ ಕೆಲವರು ಸಣ್ಣ ಮೊತ್ತವನ್ನಾದರೂ ಒಂದು ವರ್ಷವೂ ತಪ್ಪಿಸಿಲ್ಲ. ಕೊಡುವುದಕ್ಕೂ ಕೈಯಲ್ಲಿ ಹಣವಿರುವುದಕ್ಕೂ ನಾನು ಅಂದುಕೊಂಡಷ್ಟು ನಂಟಿಲ್ಲವೆಂದು ತೋರುತ್ತದೆ.

ದಾನಿಗಳ ಹೆಸರನ್ನು ಮೊತ್ತದ ಕ್ರಮದಲ್ಲಿ ಬರೆಸಿ, ಆ ಫಲಕವನ್ನು ಶಾಲೆಯ ಬಾಗಿಲಲ್ಲೇ ತೂಗುಹಾಕೋಣ ಎಂದು ಸಮಿತಿಯ ಇಬ್ಬರು ಹೇಳುತ್ತಿದ್ದಾರೆ. ನನ್ನ ಮನಸ್ಸಿಗೆ ಅದು ಒಗ್ಗುತ್ತಿಲ್ಲ. ಒಗ್ಗದಿರುವುದಕ್ಕೆ ಕಾರಣ ಹೇಳಲೂ ಬರುತ್ತಿಲ್ಲ. ನಾನೂ ಪ್ರತಿ ವರ್ಷ ಕೊಟ್ಟವಳೇ, ಆದರೆ ಏಕೆ ಕೊಟ್ಟೆ ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇನೆ. ಈ ಕೆಲಸ ಮಾಡಿದವರು, ಕೊಟ್ಟವರು, ಕೊಡದೆ ಉಳಿದವರು ತಮ್ಮ ಅನುಭವವನ್ನು ದಯವಿಟ್ಟು ತಿಳಿಸುವಿರಾ?

ಉತ್ತರ 1: ಹಿಂದೆ ಖಜಾಂಚಿಯಾಗಿದ್ದವನು

ಮೇಡಂ, ಇನ್ನೊಂದು ಶಾಲೆಯಲ್ಲಿ ಮೂರು ವರ್ಷ ಇದೇ ಕೆಲಸ ಮಾಡಿದವನು ನಾನು. ಮೊದಲ ವರ್ಷ ಎಲ್ಲ ಮನೆಗಳಿಗೂ ಅಚ್ಚುಹಾಕಿಸಿದ ಪತ್ರ ಕಳುಹಿಸಿದೆವು. ‘ಶಾಲೆಯ ಸರ್ವತೋಮುಖ ಅಭಿವೃದ್ಧಿಗಾಗಿ ತಮ್ಮ ಉದಾರ ನೆರವನ್ನು ಕೋರುತ್ತೇವೆ’ ಎಂಬ ಒಕ್ಕಣೆ ನನ್ನದೇ. ಬರೆದಾಗ ಹೆಮ್ಮೆಯೂ ಆಗಿತ್ತು. ಬಂದ ಹಣ ಅಚ್ಚಿನ ಖರ್ಚಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಸರ್ವತೋಮುಖವಾದ ಅಭಿವೃದ್ಧಿಗೆ ಗುರುತು ಹಿಡಿಯಬಹುದಾದ ಒಂದು ಮುಖವೂ ಇರುವುದಿಲ್ಲವೆಂದು ಆಗ ನನಗೆ ಹೊಳೆದಿರಲಿಲ್ಲ.

ಮರುವರ್ಷ ಗ್ರಂಥಾಲಯದ ಹಳೆಯ ನಿಘಂಟೊಂದನ್ನು ತಂದು ಪಾಲಕರ ಸಭೆಯ ಮೇಜಿನ ಮೇಲಿಟ್ಟೆವು. ಬೆನ್ನಿಗೆ ಮೂರು ಪದರ ಟೇಪು ಸುತ್ತಿದ್ದ, ‘ಪ’ಕಾರದ ಹಾಳೆಗಳೆಲ್ಲ ಉದುರಿಹೋಗಿದ್ದ ಪುಸ್ತಕ ಅದು, ಹಾಳೆ ಕಳಚಿದ ಜಾಗದ ಅಂಚಿನಲ್ಲಿ ಯಾವುದೋ ಮಗು ಪೆನ್ಸಿಲಿನಲ್ಲಿ ‘ಮುಂದಿನದು ಯಾರ ಹತ್ತಿರ ಇದೆ?’ ಎಂದು ಬರೆದಿತ್ತು. ಸಭೆ ಮುಗಿದ ಮೇಲೆ ಜನ ಅದನ್ನು ಕೈಗೆತ್ತಿಕೊಂಡರು, ನಕ್ಕರು, ಅಕ್ಷರ ತಮ್ಮ ಮಗುವಿನದೇ ಇರಬಹುದೇ ಎಂದು ಕಣ್ಣು ಕಿರಿದು ಮಾಡಿ ನೋಡಿದರು. ಆ ವರ್ಷ ಕೊಟ್ಟ ಮನೆಗಳು ಹಿಂದಿನ ವರ್ಷದ ಮೂರು ಪಟ್ಟಿಗೂ ಹೆಚ್ಚು. ತನ್ನ ಮಗು ದಿನವೂ ಮುಟ್ಟುವ ವಸ್ತುವೊಂದು ಕಣ್ಣಿಗೆ ಬಿದ್ದಾಗ ಕುಟುಂಬದ ಕೈ ತಾನಾಗಿ ಬಿಚ್ಚುತ್ತದೆ ಎಂಬುದು ಅಂದಿನಿಂದ ನನ್ನ ನಂಬಿಕೆ.

ಸಣ್ಣ ಮೊತ್ತವನ್ನು ತಪ್ಪದೆ ಕೊಡುವ ಮನೆಗಳ ಬಗ್ಗೆ ಹೇಳಿದಿರಿ. ಅಂಥ ಒಬ್ಬ ತಾಯಿಯನ್ನು ನಾನು ಕೇಳಿಯೇ ಬಿಟ್ಟಿದ್ದೆ. ಅವರ ಮಗ ತೊದಲುತ್ತಿದ್ದ. ಒಬ್ಬ ಶಿಕ್ಷಕಿ ವರ್ಷವಿಡೀ ಬಿಡುವಿನ ವೇಳೆಯಲ್ಲಿ ಅವನೊಂದಿಗೆ ಕುಳಿತು ಗಟ್ಟಿಯಾಗಿ ಓದಿಸಿದ್ದರಂತೆ. ‘ಶುಲ್ಕದ ರಸೀದಿಯಲ್ಲಿ ಅದಕ್ಕೊಂದು ಸಾಲು ಇಲ್ಲವಲ್ಲ, ಅದಕ್ಕೆ ಇದು’ ಎಂದರು. ಋಣ ಎಂಬ ಮಾತನ್ನು ಅವರು ಬಳಸಲಿಲ್ಲ, ಆದರೆ ಅದು ಅದೇ.

ಇನ್ನೊಂದು ಮಾತು. ಖಾಲಿ ಜೋಳಿಗೆ ಹಿಡಿದು ಹೊರಡಬೇಡಿ. ಸಮಿತಿಯವರು ಮೊದಲು ತಾವು ಕೊಟ್ಟು, ಗುರಿಯ ಒಂದು ಪಾಲು ಆಗಲೇ ಕೈಸೇರಿದೆ ಎಂದು ಹೇಳುವಂತಾಗಬೇಕು. ಜಾನ್ ಲಿಸ್ಟ್ ಮತ್ತು ಡೇವಿಡ್ ಲಕಿಂಗ್-ರೈಲಿ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಫ್ಲಾರಿಡಾದ ವಿಶ್ವವಿದ್ಯಾಲಯವೊಂದಕ್ಕೆ ಕಂಪ್ಯೂಟರು ಕೊಳ್ಳುವ ನಿಧಿಯಲ್ಲಿ ಇದನ್ನೇ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು: ಗುರಿಯ ಶೇ. 10ರಷ್ಟು ಆಗಲೇ ಸಿಕ್ಕಿದೆ ಎಂದು ಬರೆದ ಪತ್ರಗಳಿಗಿಂತ, ಶೇ. 67ರಷ್ಟು ಸಿಕ್ಕಿದೆ ಎಂದು ಬರೆದ ಪತ್ರಗಳಿಗೆ ಸುಮಾರು ಆರು ಪಟ್ಟು ಹೆಚ್ಚು ಹಣ ಬಂದಿತ್ತು. ಮುಗಿಯುವ ಕೆಲಸಕ್ಕೆ ಕೈಜೋಡಿಸಲು ಜನ ಹಿಂಜರಿಯುವುದಿಲ್ಲ.

ಉತ್ತರ 2: ಅರ್ಥಶಾಸ್ತ್ರದ ಅಧ್ಯಾಪಕಿ

ಮೇಲಿನ ಮಾತುಗಳನ್ನು ಒಪ್ಪುತ್ತಲೇ, ಕುಟುಂಬಗಳು ಕೊಡುವುದೇ ಒಂದು ಒಗಟು ಎಂಬುದನ್ನು ನೆನಪಿಸುತ್ತೇನೆ. ಗ್ರಂಥಾಲಯ ಎಲ್ಲ ಮಕ್ಕಳಿಗೂ ತೆರೆದಿರುತ್ತದೆ. ಕೊಡದವರ ಮಗುವೂ ಅದೇ ಪುಸ್ತಕವನ್ನು ಓದುತ್ತದೆ. ಹೀಗಿರುವಾಗ ‘ಬೇರೆಯವರು ಕೊಡಲಿ’ ಎಂದು ಪ್ರತಿಯೊಬ್ಬರೂ ಸುಮ್ಮನಿರುವುದೇ ಲೆಕ್ಕಕ್ಕೆ ಸರಿ ಎಂಬ ವಾದವನ್ನು ಮ್ಯಾನ್ಸರ್ ಓಲ್ಸನ್ 1965ರಲ್ಲಿ ವಿಸ್ತಾರವಾಗಿ ಮಂಡಿಸಿದ್ದರು. ಗುಂಪು ದೊಡ್ಡದಾದಷ್ಟೂ ಈ ಮೈಗಳ್ಳತನ ಹೆಚ್ಚುತ್ತದೆಂಬುದು ಅವರ ನಿಲುವು. ಆದ್ದರಿಂದ ಇಡೀ ಶಾಲೆಗೆ ಒಂದೇ ಮನವಿ ಕಳುಹಿಸುವ ಬದಲು, ತರಗತಿಯೊಂದರ ಇಪ್ಪತ್ತು ಮೂವತ್ತು ಮನೆಗಳನ್ನು ಅದೇ ತರಗತಿಯ ಪಾಲಕರೊಬ್ಬರು ಕೇಳುವುದು ಮೇಲು.

ಆದರೂ ಜನ ಕೊಡುತ್ತಾರಲ್ಲ! ಜೇಮ್ಸ್ ಆಂಡ್ರಿಯೋನಿ 1990ರಲ್ಲಿ ಇದಕ್ಕೆ ಕೊಟ್ಟ ವಿವರಣೆ ಸರಳವಾಗಿದೆ: ಗ್ರಂಥಾಲಯ ಆಗುವುದರಿಂದ ಬರುವ ಸಂತೋಷ ಒಂದು, ‘ಅದರಲ್ಲಿ ನನ್ನದೂ ಇದೆ’ ಎಂಬ ಒಳಗಿನ ಬೆಚ್ಚನೆಯ ಭಾವ ಇನ್ನೊಂದು, ಎರಡನೆಯದನ್ನು ಬೇರೆಯವರ ದೇಣಿಗೆ ತಂದುಕೊಡಲಾರದು. ಸ್ವಾರ್ಥವೂ ಉಂಟು. ಜೊನಾಥನ್ ಮೀರ್ ಮತ್ತು ಹಾರ್ವೆ ರೋಸನ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳು ಪ್ರವೇಶದ ವಯಸ್ಸಿಗೆ ಹತ್ತಿರವಾದಂತೆ ಹಳೆಯ ವಿದ್ಯಾರ್ಥಿಗಳ ದೇಣಿಗೆ ಏರಿ, ಪ್ರವೇಶ ಸಿಗದಿದ್ದಾಗ ಸಟ್ಟನೆ ಇಳಿಯುವುದು ಕಂಡುಬಂದಿತ್ತು. ಅದು ವಿಶ್ವವಿದ್ಯಾಲಯದ ಮಾತು. ಪಾಲಕರಲ್ಲಿ ಇಂಥ ಎಣಿಕೆ ಇರುವುದೇ ಇಲ್ಲವೆಂದು ನಾವು ನಟಿಸಬೇಕಾಗಿಲ್ಲ.

ಮೂರನೆಯದು ದಾಕ್ಷಿಣ್ಯ. ನಿಮ್ಮ ಫಲಕದ ಪ್ರಶ್ನೆ ಇರುವುದು ಇಲ್ಲಿಯೇ. ಸ್ಟೆಫಾನೊ ಡೆಲ್ಲಾವಿನ್ಯಾ, ಜಾನ್ ಲಿಸ್ಟ್ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅವರು ಮನೆಮನೆಗೆ ಹೋಗಿ ದೇಣಿಗೆ ಕೇಳುವ ಒಂದು ಪ್ರಯೋಗ ನಡೆಸಿ, ಕೆಲವು ಮನೆಗಳ ಬಾಗಿಲಿಗೆ ‘ನಾಳೆ ಇಷ್ಟು ಹೊತ್ತಿಗೆ ಬರುತ್ತೇವೆ’ ಎಂಬ ಚೀಟಿಯನ್ನು ಮೊದಲೇ ಸಿಕ್ಕಿಸಿದ್ದರು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಬಾಗಿಲು ತೆರೆದವರ ಪ್ರಮಾಣವೇ ಶೇ. 9ರಿಂದ 25ರಷ್ಟು ಕುಸಿಯಿತು. ‘ಬರುವುದು ಬೇಡ’ ಎಂದು ಗುರುತು ಹಾಕುವ ಅವಕಾಶ ಕೊಟ್ಟಲ್ಲಿ ಕೊಟ್ಟವರೂ ಶೇ. 28ರಿಂದ 42ರಷ್ಟು ಕಡಿಮೆಯಾದರು. ಎದುರಿಗೆ ನಿಂತಾಗ ಇಲ್ಲವೆನ್ನಲಾಗದೆ ಕೊಟ್ಟ ಹಣ ಎಷ್ಟಿರುತ್ತದೆ ನೋಡಿ! ಮುಲಾಜಿನಿಂದ ಒಮ್ಮೆ ಹಣ ಬರುತ್ತದೆ. ಮುಂದಿನ ಸಲ ಅದೇ ಮನೆಯವರು ನಿಮ್ಮನ್ನು ದೂರದಿಂದ ಕಂಡರೆ ದಾರಿ ಬದಲಿಸುತ್ತಾರೆ.

ಉತ್ತರ 3: ಕೊಡದೆ ಉಳಿದ ಒಬ್ಬ ತಂದೆ

ಕೊಡದವರೂ ಹೇಳಲಿ ಎಂದಿರಿ, ಆದ್ದರಿಂದ ಬರೆಯುತ್ತಿದ್ದೇನೆ. ನನಗೆ ಹಣದ ಅಡಚಣೆಯೇನೂ ಇರಲಿಲ್ಲ. ಮಗ ಎರಡನೆಯ ತರಗತಿಯಲ್ಲಿದ್ದಾಗ, ಮಕ್ಕಳ ಕೈಯಲ್ಲೇ ಲಕೋಟೆ ಕೊಟ್ಟು ಕಳುಹಿಸಿ, ವಾರದ ಕೊನೆಗೆ ಲಕೋಟೆ ಮರಳಿಸದವರ ಹೆಸರನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ಅವನು ಮನೆಗೆ ಬಂದು ಏನನ್ನೂ ಹೇಳಲಿಲ್ಲ; ತನ್ನ ಹುಂಡಿಯ ಚಿಲ್ಲರೆಯನ್ನು ಆ ಲಕೋಟೆಗೆ ತುಂಬಿಸುತ್ತಾ ಕುಳಿತಿದ್ದ. ಲಕೋಟೆಯ ಅಂಟು ಹಿಡಿಯದೆ ಮತ್ತೆ ಮತ್ತೆ ನಾಲಿಗೆ ತಾಗಿಸುತ್ತಿದ್ದುದನ್ನು ನೋಡಿ ವಿಚಾರಿಸಿದಾಗ ಸಂಗತಿ ತಿಳಿಯಿತು. ಅವನು ಅಲ್ಲಿ ಓದುವಷ್ಟು ಕಾಲ ಒಂದು ಬಿಡಿಗಾಸನ್ನೂ ಕೊಡಬಾರದೆಂದು ಅಂದೇ ತೀರ್ಮಾನಿಸಿದೆ.

ಕೋಪವೊಂದೇ ಕಾರಣವಲ್ಲ. ಕೊಟ್ಟರೆ ಮುಖ ನೋಡಿ ಮಣೆ ಹಾಕುತ್ತಾರೆಂಬ ಅನುಮಾನ, ಕೊಡದಿದ್ದರೆ ಮಗುವನ್ನು ಹಿಂದಿನ ಬೆಂಚಿಗೆ ತಳ್ಳುತ್ತಾರೆಂಬ ಭಯ, ಎರಡೂ ಇದ್ದಾಗ ದೇಣಿಗೆ ಎಂಬ ಮಾತಿಗೆ ಅರ್ಥವಿರುವುದಿಲ್ಲ. ಅದು ಹೆಸರು ಬದಲಿಸಿಕೊಂಡ ಶುಲ್ಕ. ಮಗ ಶಾಲೆ ಬಿಟ್ಟ ವರ್ಷ ನಾನೇ ಹೋಗಿ ಪ್ರಯೋಗಾಲಯಕ್ಕೆಂದು ಕೊಟ್ಟು ಬಂದೆ. ಅವನಿಗೆ ವಿಜ್ಞಾನ ಹಿಡಿಸಿದ್ದು ಅಲ್ಲಿಯೇ, ಅದನ್ನು ಇಲ್ಲವೆನ್ನಲಾರೆ. ಶುಲ್ಕ ಯಾವ ಖರ್ಚಿಗೆ ಸಾಲುತ್ತದೆ, ಯಾವುದಕ್ಕೆ ಸಾಲದು ಎಂಬ ಒಂದು ಪುಟದ ಲೆಕ್ಕವನ್ನು ಯಾರಾದರೂ ಕೈಗಿತ್ತಿದ್ದರೆ ಪ್ರಾಯಶಃ ಮೊದಲೇ ಕೊಡುತ್ತಿದ್ದೆ.

ಪ್ರಶ್ನೆ ಕೇಳಿದವರ ಮರುಮಾತು

ಲಕೋಟೆಯ ಸಂಗತಿ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ, ಸರ್. ನಮ್ಮಲ್ಲಿಯೂ ಈ ಸಲ ಮಕ್ಕಳ ಕೈಯಲ್ಲೇ ಚೀಟಿ ಕಳುಹಿಸುವ ಯೋಚನೆಯಿತ್ತು, ಅದನ್ನು ಕೈಬಿಡಿಸುತ್ತೇನೆ. ಫಲಕದಲ್ಲಿ ಹೆಸರು ಬೇಡ, ‘ಇಷ್ಟು ಮನೆಗಳು ಸೇರಿದವು’ ಎಂಬ ಸಂಖ್ಯೆಯೊಂದೇ ಇರಲಿ ಎಂದು ಸಭೆಯಲ್ಲಿ ಹೇಳುತ್ತೇನೆ. ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಶಿಕ್ಷಕರ ಕಣ್ಣಿಗೆ ಬೀಳದಂತೆ ಖಜಾಂಚಿಯ ಬಳಿಯೇ ಉಳಿಯಬೇಕೆಂದೂ ಕೇಳುತ್ತೇನೆ. ಒಂದು ಸಂದೇಹ ಉಳಿದಿದೆ: ಉಳಿದವರು ಕೊಟ್ಟಷ್ಟನ್ನೇ ತಾವೂ ಸೇರಿಸುತ್ತೇವೆ, ಬೇಕಾದರೆ ಅದರ ಮೂರು ಪಟ್ಟು ಕೊಡುತ್ತೇವೆ ಎಂದು ಒಂದು ಕುಟುಂಬ ಮುಂದೆ ಬಂದಿದೆ. ಮೂರು ಪಟ್ಟು ಎಂದೇ ಪ್ರಕಟಿಸಬೇಕೇ?

ಉತ್ತರ 4: ಅರ್ಥಶಾಸ್ತ್ರದ ಅಧ್ಯಾಪಕಿ

ಸಮಪಾಲು ಎಂದರೆ ಸಾಕು. ಡೀನ್ ಕಾರ್ಲನ್ ಮತ್ತು ಜಾನ್ ಲಿಸ್ಟ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಮಪಾಲು ಸೇರಿಸುವವರಿದ್ದಾರೆಂದು ತಿಳಿಸಿದಾಗ ಕೊಟ್ಟವರ ಸಂಖ್ಯೆಯೂ ಬಂದ ಹಣವೂ ಏರಿದವು; ಅದನ್ನೇ ಎರಡು ಪಟ್ಟು, ಮೂರು ಪಟ್ಟು ಎಂದು ಹೆಚ್ಚಿಸಿದಾಗ ಮತ್ತೇನೂ ಏರಲಿಲ್ಲ. ಆ ಕುಟುಂಬ ಕೊಡಲಿರುವ ಉಳಿದ ಹಣವನ್ನು ಅವರ ಒಪ್ಪಿಗೆ ಪಡೆದು ಮೊದಲೇ ನಿಧಿಗೆ ಸೇರಿಸಿ, ‘ಇಷ್ಟು ಆಗಲೇ ಕೂಡಿದೆ’ ಎಂದು ಪತ್ರದ ಮೊದಲ ಸಾಲಿನಲ್ಲೇ ಬರೆಯಿರಿ.