ಬಳ್ಳಾರಿಯಲ್ಲಿ ಮನೆ ಕಾಗದ ನೋಡುವ ಒಳ್ಳೆ ವಕೀಲರು ಬೇಕು

ಎಲ್ಲರಿಗೂ ನಮಸ್ಕಾರ. ಕೌಲ್ ಬಜಾರ್ ಕಡೆ ಒಂದು ಹಳೇ ಮನೆ ನೋಡಿದ್ದೇವೆ. ನಮ್ಮ ಮೊದಲ ಸ್ವಂತ ಮನೆ. ಅಂಗಳದ ಬೇವಿನ ಮರ ನೋಡಿಯೇ ಅಮ್ಮನಿಗೆ ಮನಸ್ಸಾಗಿದೆ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ.

ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಆಸ್ತಿ ಮೇಲಿನ ಋಣಭಾರ ಪತ್ರ) ತೆಗೆದೆ, ಸಾಲ ಏನೂ ಕಾಣಲಿಲ್ಲ. ಇ-ಖಾತಾನೂ (ಪಾಲಿಕೆಯ ಆಸ್ತಿ ದಾಖಲೆ) ಇದೆ. ಆದರೆ ಮನೆ ಕಟ್ಟಿಸಿದ ಯಜಮಾನರು ವಿಲ್ ಬರೆಯದೆ ತೀರಿಕೊಂಡಿದ್ದಾರೆ. ಅಗ್ರಿಮೆಂಟ್ ಕರಡಿನಲ್ಲಿ ಇಬ್ಬರು ಗಂಡುಮಕ್ಕಳ ಹೆಸರು ಮಾತ್ರ ಇದೆ. ವಂಶವೃಕ್ಷದ ಕೊನೇ ಸಾಲಿನಲ್ಲಿ ಒಬ್ಬ ಮಗಳ ಹೆಸರೂ ಇದೆ, ಹೊಸಪೇಟೆಗೆ ಕೊಟ್ಟಿದ್ದಾರಂತೆ. "ಆಯಮ್ಮನದೇನೂ ತಕರಾರಿಲ್ಲ" ಅಂತ ಬ್ರೋಕರ್ ಹೇಳುತ್ತಾರೆ. ಮಗಳಿಗೂ ಸಮಪಾಲು ಬರುತ್ತದೆ ಅಲ್ವಾ? ಆಕೆಯ ಸಹಿ ಇಲ್ಲದೆ ನಾನು ಒಂದು ರೂಪಾಯಿ ಕೊಡುವುದಿಲ್ಲ.

ಬ್ರೋಕರ್ ತೋರಿಸಿದ ವಕೀಲರೇ ಮಾರುವವರ ವಕೀಲರೂ ಹೌದು. ಬ್ಯಾಂಕಿನವರು ತಮ್ಮ ಪ್ಯಾನೆಲ್ ವಕೀಲರು ನೋಡಿದರೆ ಸಾಕು ಅನ್ನುತ್ತಾರೆ. ಅವರು ನೋಡುವುದು ಬ್ಯಾಂಕಿನ ಸಾಲಕ್ಕಾಗಿ. ನಮ್ಮ ಪರವಾಗಿ ನೋಡುವವರು ಬೇಕು.

ಸಿವಿಲ್ ಕೇಸು ನಡೆಸಿದ ಅನುಭವ ಇರಬೇಕು. 30 ವರ್ಷದ ಕಾಗದ ಓದಿ, ಲೀಗಲ್ ಒಪಿನಿಯನ್ ಬರೆದು ಕೊಡಬೇಕು. ಫೀಸು ಮೊದಲೇ ಹೇಳಿದರೆ ಒಳ್ಳೆಯದು. ನೀವೇ ಮನೆ ತಗೊಂಡಾಗ ಕಾಗದ ತೋರಿಸಿದವರಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ಮಾರುವವರು ಈ ಭಾನುವಾರವೇ ಅಡ್ವಾನ್ಸ್ ಕೇಳುತ್ತಿದ್ದಾರೆ.