ಎಂಟ್ರೊಪಿಯ ಬಗೆಗಳನ್ನು ಕನ್ನಡದಲ್ಲಿ ಹೇಳುವುದು ಹೇಗೆ?

ಮಾನ್ಯರೆ,

ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಧಾರವಾಡ, ಗದಗ ಕಡೆಯ ವಿದ್ಯಾರ್ಥಿಗಳಿಗಾಗಿ ರಸಾಯನಶಾಸ್ತ್ರದ ಟಿಪ್ಪಣಿಯೊಂದನ್ನು ಬರೆಯುತ್ತಿದ್ದೇನೆ. 1865ರಲ್ಲಿ ಜರ್ಮನ್ ಭೌತವಿಜ್ಞಾನಿ ಕ್ಲೌಸಿಯಸ್ ಗ್ರೀಕ್ ಪದದಿಂದ ಕಟ್ಟಿದ 'ಎಂಟ್ರೊಪಿ' ಎಂಬ ಪದವನ್ನು ಹಾಗೆಯೇ ಇಟ್ಟುಕೊಳ್ಳುವುದರಲ್ಲಿ ನನಗೆ ಸಂದೇಹವಿಲ್ಲ. ಯಾವುದರ ಎಂಟ್ರೊಪಿ, ಯಾವ ಸ್ಥಿತಿಯ ಎಂಟ್ರೊಪಿ ಎಂದು ತಿಳಿಸುವ ವಿಶೇಷಣಗಳನ್ನು ಕುರಿತು ಬಲ್ಲವರ ಅಭಿಪ್ರಾಯ ಬೇಕಾಗಿದೆ.

'ಎಂಟ್ರೊಪಿ ಎಂದರೆ ಅವ್ಯವಸ್ಥೆಯ ಅಳತೆ' ಎಂದು ಬರೆದು, ಮುಂದಿನ ಸಾಲಿನಲ್ಲೇ, ಅಧ್ಯಯನಕ್ಕೆ ಆರಿಸಿಕೊಂಡ ಭಾಗವನ್ನು (system) 'ವ್ಯವಸ್ಥೆ' ಎಂದು ಕರೆದು, 'ವ್ಯವಸ್ಥೆಯ ಎಂಟ್ರೊಪಿ ಹೆಚ್ಚುತ್ತದೆ' ಎಂದರೆ, ವ್ಯವಸ್ಥೆಯ ಅವ್ಯವಸ್ಥೆ ಹೆಚ್ಚಿತು ಎಂಬ ವಿಚಿತ್ರ ಅರ್ಥ ಹುಟ್ಟುತ್ತದೆ. ಸೌರವ್ಯೂಹದಲ್ಲಿ ನಾವೆಲ್ಲ ಬಳಸುವ 'ವ್ಯೂಹ' ಇಲ್ಲಿ ಸಲೀಸಾಗಿ ಕೂರುತ್ತದೆ ಎಂಬುದು ನನ್ನ ಅಭಿಪ್ರಾಯ. 'ಅವ್ಯವಸ್ಥೆ'ಯನ್ನೂ ಕೈಬಿಡುವುದೇ ಒಳ್ಳೆಯದು. ಎಂಟ್ರೊಪಿಯನ್ನು ಲೆಕ್ಕ ಹಾಕುವ ಬೋಲ್ಟ್ಸ್‌ಮನ್ ಸೂತ್ರ ಎಣಿಸುವುದು ಕಣಗಳೂ ಅವುಗಳ ಶಕ್ತಿಯೂ ಎಷ್ಟು ವಿಧದಲ್ಲಿ ಹಂಚಿಕೊಂಡಿರಲು ಸಾಧ್ಯ ಎಂಬುದನ್ನು. ಕಣ್ಣಿಗೆ ಕಾಣುವ ಅಸ್ತವ್ಯಸ್ತತೆಯನ್ನಲ್ಲ.

ಇದಕ್ಕಿಂತ ಕಠಿಣವಾದುದು 'ಪರಿಸರ', ಅಂದರೆ ವ್ಯೂಹದ ಹೊರಗಿನದೆಲ್ಲ (surroundings). ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ನೀರು ತುಂಬಿಡುವ ಮಣ್ಣಿನ ಹರವಿಯನ್ನೇ ತೆಗೆದುಕೊಳ್ಳಿ. ಅದರ ಹೊರಮೈಯಲ್ಲಿ ಜಿನುಗಿ ಆವಿಯಾಗುವ ನೀರನ್ನು ವ್ಯೂಹವೆಂದು ಗುರುತಿಸಿದರೆ, ಅದಕ್ಕೆ ಶಾಖ ಕೊಟ್ಟು ತಣ್ಣಗಾಗುವ ಹರವಿಯ ಗೋಡೆ ಮತ್ತು ಒಳಗೆ ಉಳಿದ ನೀರು ಪರಿಸರಕ್ಕೆ ಸೇರುತ್ತವೆ. ಪರಿಸರವೆಂದರೆ ಗಿಡಮರ, ಗಾಳಿ ಎಂದು ಶಾಲೆಯಿಂದಲೂ ಕಲಿತ ವಿದ್ಯಾರ್ಥಿಗೆ ಹರವಿಯೊಳಗಿನ ನೀರು ಪರಿಸರ ಎಂಬ ಮಾತು ಹಿಡಿಸುವುದಿಲ್ಲ. 'ಸುತ್ತಣ' ನನಗೆ ಇಷ್ಟವಾದರೂ ಅದು ಗುಣವಾಚಕ. 'ಸುತ್ತಣ ಎಂಟ್ರೊಪಿ' ಎಂದರೆ ಸುತ್ತಲೂ ಇರುವ ಎಂಟ್ರೊಪಿ ಎಂದಾಗುತ್ತದೆಯೇ ಹೊರತು ಸುತ್ತಲಿರುವುದರ ಎಂಟ್ರೊಪಿ ಎಂದಾಗದು. 'ಆವರಣ' ಆದೀತೇ, ಅಥವಾ ಅದು ಗೋಡೆ, ಬೇಲಿಗಳನ್ನು ನೆನಪಿಸುತ್ತದೆಯೇ?

ಮೂರನೆಯದು 'ಶಿಷ್ಟ' (standard). 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ದ್ರವ ನೀರಿನ ಶಿಷ್ಟ ಮೋಲಾರ್ ಎಂಟ್ರೊಪಿ 69.9 ಮತ್ತು ನೀರಾವಿಯದು 188.8 ಜೂಲ್ ಪ್ರತಿ ಕೆಲ್ವಿನ್ ಪ್ರತಿ ಮೋಲ್. ಅಂದರೆ ಆವಿಯಾಗುವಾಗ ವ್ಯೂಹಕ್ಕೆ ಸುಮಾರು 119ರಷ್ಟು ಏರಿಕೆ. ಒಂದು ಮೋಲ್ ನೀರು ಆವಿಯಾಗಲು ಬೇಕಾದ 44 ಕಿಲೋಜೂಲ್ ಶಾಖವನ್ನು ಕೊಟ್ಟ ಸುತ್ತಲಿನ ವಸ್ತುಗಳ ಎಂಟ್ರೊಪಿ, 298 ಕೆಲ್ವಿನ್‌ನಿಂದ ಭಾಗಿಸಿದರೆ, ಸುಮಾರು 148ರಷ್ಟು ಇಳಿಯುತ್ತದೆ. ತಾನಾಗಿ ನಡೆಯುವ ಕ್ರಿಯೆಯಲ್ಲಿ ಈ ಎರಡರ ಒಟ್ಟು ಮೊತ್ತ ಹೆಚ್ಚಬೇಕು. ಇಲ್ಲಿ ಒಟ್ಟು ಮೊತ್ತ ಋಣಾತ್ಮಕ, ಆದರೂ ಹರವಿಯ ನೀರು ಆರುತ್ತಲೇ ಇರುತ್ತದೆ. 188.8 ಎಂಬುದು 1 ಬಾರ್ ಒತ್ತಡದ ಆವಿಗೆ ನಿಗದಿಯಾದ ಬೆಲೆ ಎಂಬುದೇ ಇದಕ್ಕೆ ಕಾರಣ. ಗಾಳಿಯಲ್ಲಿ ನೀರಾವಿಯ ಆಂಶಿಕ ಒತ್ತಡ (ಅದರ ಪಾಲಿನ ಒತ್ತಡ) 0.02 ಬಾರ್ ಇದ್ದರೆ ಆವಿಯ ಎಂಟ್ರೊಪಿ ಇನ್ನೂ 32ರಷ್ಟು ಹೆಚ್ಚಿರುತ್ತದೆ, ಒಟ್ಟು ಮೊತ್ತ ಧನಾತ್ಮಕವಾಗುತ್ತದೆ. ಹೀಗೆ ಒಂದು ವಿಶೇಷಣವನ್ನು ಗಮನಿಸದೆ ಹೋದರೆ ಉತ್ತರದ ಚಿಹ್ನೆಯೇ ಬದಲಾಗುವಾಗ, ಆ ವಿಶೇಷಣ ಓದುಗನನ್ನು ತಡೆದು ನಿಲ್ಲಿಸುವಂತಿರಬೇಕು. 'ಶಿಷ್ಟ' ಎಂದೊಡನೆ ಶಿಷ್ಟಾಚಾರ ನೆನಪಾಗುತ್ತದೆ. 'ಪ್ರಮಾಣಿತ' ಎಂದರೆ ಪ್ರಯೋಗದಿಂದ ಸಾಬೀತಾದದ್ದು ಎಂಬ ಭ್ರಮೆ ಮೂಡಬಹುದು. ನಿಗದಿತ ಸ್ಥಿತಿಗೆ ಒಪ್ಪಿಕೊಂಡ ಬೆಲೆ ಎಂಬ ಅರ್ಥ ಎರಡರಲ್ಲೂ ನೇರವಾಗಿ ಬರುವುದಿಲ್ಲ.

'ವಿಶ್ವದ ಎಂಟ್ರೊಪಿ' ಎಂಬುದನ್ನು ನಾನು 'ಒಟ್ಟು ಎಂಟ್ರೊಪಿ' ಎಂದೇ ಬರೆದಿದ್ದೇನೆ, ಏಕೆಂದರೆ ಲೆಕ್ಕದಲ್ಲಿ ಕೂಡುವುದು ವ್ಯೂಹ ಮತ್ತು ಅದರ ಸುತ್ತಲಿನದು ಮಾತ್ರ, ನಕ್ಷತ್ರಗಳಲ್ಲ. ಅದಕ್ಕೆ ಯಾರ ತಕರಾರೂ ಇರಲಾರದು. 'ಪರಿಸರ' ಮತ್ತು 'ಶಿಷ್ಟ' ಇವೆರಡಕ್ಕೆ ತರಗತಿಯಲ್ಲಿ ಬಳಸಿ ನೋಡಿದ ಪದಗಳು ನಿಮ್ಮಲ್ಲಿದ್ದರೆ, ಒಂದೊಂದು ಪೂರ್ಣ ವಾಕ್ಯದ ಪ್ರಯೋಗದೊಡನೆ ದಯವಿಟ್ಟು ತಿಳಿಸಿ.