ಪದಚರ್ಚೆ: ಅರೇಬಿಕಾ, ರೋಬಸ್ಟಾ ‘ತಳಿ’ಗಳಾ?

ಎಲ್ಲರಿಗೂ ನಮಸ್ಕಾರ.

ಕಾಫಿ ಬಗ್ಗೆ ಕನ್ನಡದಲ್ಲಿ ಓದುವಾಗ ‘ಅರೇಬಿಕಾ ತಳಿ’, ‘ರೋಬಸ್ಟಾ ತಳಿ’ ಅನ್ನೋದು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಈ ಬಳಕೆ ಸರಿಯಲ್ಲ ಅಂತ ನನಗೆ ಬಹಳ ದಿನದಿಂದ ಅನಿಸುತ್ತಿದೆ. ಯಾಕೆ ಅಂತ ಹೇಳುತ್ತೇನೆ, ತಿಳಿದವರು ನೋಡಿ.

ನಾವು ತಳಿ ಅನ್ನೋದು ಒಂದೇ ಗಿಡದ ಒಳಗಿನ ಬಗೆಗಳಿಗೆ. ರಸಪುರಿ, ಬಾದಾಮಿ, ಮಲ್ಲಿಕಾ ಎಲ್ಲವೂ ಮಾವೇ ಅಲ್ವಾ, ಹಾಗಾಗಿ ಅವು ತಳಿಗಳು. ಅರೇಬಿಕಾ ಮತ್ತು ರೋಬಸ್ಟಾ ಅಂಥವಲ್ಲ. ಅರೇಬಿಕಾದಲ್ಲಿ 44 ವರ್ಣತಂತುಗಳಿವೆ, ರೋಬಸ್ಟಾದಲ್ಲಿ 22. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕು. ಅಷ್ಟೇ ಅಲ್ಲ, ಅರೇಬಿಕಾ ಹುಟ್ಟಿದ್ದೇ ಆಫ್ರಿಕಾದ ಕಾಡಿನಲ್ಲಿ ಕನೆಫೊರಾ ಮತ್ತು ಯೂಜಿನಿಯಾಯ್ಡಿಸ್ ಅನ್ನೋ ಎರಡು ಕಾಫಿ ಗಿಡಗಳು ಬೆರೆತು, ಮತ್ತು ನಾವು ರೋಬಸ್ಟಾ ಅಂತ ಕರೆಯೋದು ಈ ಕನೆಫೊರಾವನ್ನೇ. ಸಂಬಂಧ ಹೇಳಲೇಬೇಕು ಅಂದರೆ ರೋಬಸ್ಟಾ ಅರೇಬಿಕಾದ ಹೆತ್ತವರ ಸಾಲಿಗೆ ಸೇರುತ್ತದೆ.

ನಿಜವಾದ ತಳಿಗಳು ಬೇರೆ ಇವೆ. ಎಸ್ 795, ಕಾವೇರಿ, ಚಂದ್ರಗಿರಿ ಅರೇಬಿಕಾದ ತಳಿಗಳು. ಎಸ್ 274 ರೋಬಸ್ಟಾದ್ದು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಬಂದ ಈ ಹೆಸರುಗಳನ್ನು ಮಲೆನಾಡಿನ ಬೆಳೆಗಾರರು ದಿನಾ ಬಳಸುತ್ತಾರೆ. ಅರೇಬಿಕಾವನ್ನೂ ತಳಿ ಅಂದು ಎಸ್ 795 ಅನ್ನೂ ತಳಿ ಅಂದರೆ ವಾಕ್ಯ ಬರೆಯೋದೇ ಕಷ್ಟ. ಎಸ್ 795 ರಲ್ಲಿ ಲೈಬೀರಿಕಾ ಅನ್ನೋ ಮೂರನೇ ಕಾಫಿಯ ರಕ್ತವೂ ಇದೆ. ಕಾವೇರಿಯ ಮೂಲದಲ್ಲಿ ಟಿಮೋರ್ ದ್ವೀಪದಲ್ಲಿ ಅರೇಬಿಕಾ, ರೋಬಸ್ಟಾ ತಾವೇ ಬೆರೆತು ಆದ ಗಿಡ ಇದೆ. ಇದನ್ನು ಕನ್ನಡದಲ್ಲಿ ತಿಳಿಯುವ ಹಾಗೆ ಬರೆಯಬೇಕಾದರೆ ನಮಗೆ ಎರಡು ಬೇರೆ ಪದ ಬೇಕೇ ಬೇಕು.

ಯಾವ ಪದ? ‘ಜಾತಿ’ ಬಾಯಿಗೆ ಸುಲಭ. ಆದರೆ ಮಾವಿನ ಬಗೆಗಳಿಗೂ ಜನ ಜಾತಿ ಅಂತಾರೆ, ಸಸ್ಯಶಾಸ್ತ್ರ ಬರೆಯುವ ಕೆಲವರು ಅದನ್ನು ಇನ್ನೂ ಮೇಲಿನ ಗುಂಪಿಗೆ ಇಡುತ್ತಾರೆ. ಬರವಣಿಗೆಯಲ್ಲಿ ‘ಪ್ರಭೇದ’ ಇರಲಿ ಅನ್ನೋದು ನನ್ನ ಪಕ್ಷ. ಸ್ವಲ್ಪ ಭಾರದ ಪದ, ಒಪ್ಪುತ್ತೇನೆ. ಆದರೂ ಗೊಂದಲ ಇಲ್ಲ.

ಇನ್ನು ನಮ್ಮ ಬೆಂಗಳೂರಿನ ಅಂಗಡಿಗಳ ವಿಷಯ. ಗಾಂಧಿಬಜಾರ್, ಮಲ್ಲೇಶ್ವರದ ಕಡೆ ಕಾಫಿಪುಡಿ ಅಂಗಡಿಗಳಲ್ಲಿ ಪ್ಲಾಂಟೇಶನ್ ಎ, ಪೀಬೆರಿ, ರೋಬಸ್ಟಾ ಅಂತ ಮೂರು ಹೆಸರು ಒಂದೇ ಸಾಲಿನಲ್ಲಿ ಕೇಳಿಬರುತ್ತವೆ. ಕೇಳಿದವರಿಗೆ ಮೂರು ಬೇರೆ ಗಿಡ ಅನಿಸೋದು ಸಹಜ. ಪ್ಲಾಂಟೇಶನ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಅರೇಬಿಕಾ. ‘ಎ’ ಅನ್ನೋದು ಬೀಜದ ಗಾತ್ರದ ದರ್ಜೆ. ಪೀಬೆರಿ ಅಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ದುಂಡಗೆ ಬೆಳೆದದ್ದು. ಅರೇಬಿಕಾದಲ್ಲೂ ಸಿಗುತ್ತದೆ, ರೋಬಸ್ಟಾದಲ್ಲೂ ಸಿಗುತ್ತದೆ. ಮೂರರಲ್ಲಿ ಗಿಡದ ಹೆಸರು ಅಂತ ಇರೋದು ರೋಬಸ್ಟಾ ಒಂದೇ. ಚಿಕೋರಿಯಂತೂ ಕಾಫಿಯೇ ಅಲ್ಲ, ಬೇರೆ ಗಿಡದ ಹುರಿದ ಬೇರು. ಕಾಫಿ-ಚಿಕೋರಿ ಮಿಶ್ರಣ ಅಂತ ಮಾರುವ ಪುಡಿಯಲ್ಲಿ ಕಾನೂನಿನ ಪ್ರಕಾರ ಕನಿಷ್ಠ ಶೇ 51 ಕಾಫಿ ಇರಬೇಕು.

ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹುರಿಯದ ಬೀಜ ಎರಡೂ ಬಗೆಯದು ನಾಲ್ಕು ನಾಲ್ಕು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಅರೇಬಿಕಾ ಸ್ವಲ್ಪ ಉದ್ದ, ನಡುವಿನ ಸೀಳು ಹಾವಿನ ಹಾಗೆ ಬಳುಕಿರುತ್ತದೆ. ರೋಬಸ್ಟಾ ಗುಂಡಗೆ, ಸೀಳು ಹೆಚ್ಚು ಕಡಿಮೆ ನೇರ. ಕೆಫೀನ್ ರೋಬಸ್ಟಾದಲ್ಲಿ ಸುಮಾರು ಎರಡು ಪಟ್ಟು ಜಾಸ್ತಿ, ಕಹಿಯೂ ಜಾಸ್ತಿ. ಡಿಕಾಕ್ಷನ್ ಗಟ್ಟಿಯಾಗಿ ಬಂದು ಹಾಲು ಬೆರೆತರೂ ರುಚಿ ನಿಲ್ಲೋದಕ್ಕೆ ಅದು ಬೇಕು. ಘಮ, ಸಣ್ಣ ಹುಳಿ ಅರೇಬಿಕಾದ್ದು. ರೋಬಸ್ಟಾ ಅಂದರೆ ಕಳಪೆ ಅನ್ನೋ ಮಾತು ಕೇಳಿದಾಗ ನನಗೆ ಬೇಜಾರಾಗುತ್ತದೆ. ದೇಶದ ಕಾಫಿ ಬೆಳೆಯಲ್ಲಿ ಅದರದ್ದೇ ದೊಡ್ಡ ಪಾಲು. ಎಲೆತುಕ್ಕು ರೋಗ 1869ರ ನಂತರ ಸಿಲೋನಿನ ಅರೇಬಿಕಾ ತೋಟಗಳನ್ನು ನೆಲಕಚ್ಚಿಸಿತ್ತು. ಆ ರೋಗವನ್ನು ರೋಬಸ್ಟಾ ಚೆನ್ನಾಗಿ ತಡೆದುಕೊಳ್ಳುತ್ತದೆ.

ಈಗ ನನ್ನ ಪ್ರಶ್ನೆಗಳು. ಧಾರಣೆ ಪಟ್ಟಿಯಲ್ಲಿ ‘ಅರೇಬಿಕಾ ಚೆರಿ’, ‘ರೋಬಸ್ಟಾ ಚೆರಿ’ ಅಂತ ಬರುತ್ತದಲ್ಲ, ಸಿಪ್ಪೆ ಸಮೇತ ಒಣಗಿಸಿದ ಹಣ್ಣು, ಅದಕ್ಕೆ ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆ ಕನ್ನಡದ್ದೇ ಪದ ಏನಾದರೂ ಬಳಕೆಯಲ್ಲಿದೆಯಾ? ಪೀಬೆರಿಗೆ ‘ಒಂಟಿಬೀಜ’ ಅಂದರೆ ತೋಟದವರಿಗೆ ಒಪ್ಪಿಗೆಯಾಗುತ್ತದಾ? ಮತ್ತೆ, ‘ಪ್ರಭೇದ’ಕ್ಕಿಂತ ಹಗುರವಾದ ಪದ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಬರೆಯಿರಿ, ಬಳಸಿದ ವಾಕ್ಯದ ಸಮೇತ.